ಕುಂಬಾರ, ಹುತ್ತ, ಜಗತ್ಕರ್ತ

ಮಡಕೆ ಕಂಡರೆ ಸಾಕು, ಅದನ್ನು ಮಾಡಿದ ಕುಂಬಾರನೊಬ್ಬ ಇದ್ದಾನೆಂದು ಒಪ್ಪಿಬಿಡುತ್ತೇವೆ. ಅವನನ್ನು ಕಣ್ಣಾರೆ ಕಾಣಬೇಕಾಗಿಲ್ಲ. ಭೂಮಿ, ಬೆಟ್ಟ, ನೆಲ ಸೀಳಿ ಏಳುವ ಮೊಳಕೆ ಇವೂ ಮಡಕೆಯ ಹಾಗೆ ಮೊದಲು ಇರದೆ ಆಮೇಲೆ ಉಂಟಾದ ಕಾರ್ಯಗಳು. ಹಾಗಿದ್ದಮೇಲೆ ಇವುಗಳ ಹಿಂದೆಯೂ ತಿಳಿದು ಮಾಡಿದ ಕರ್ತೃವೊಬ್ಬ ಇರಲೇಬೇಕು. ಸುಮಾರು 6–7ನೆಯ ಶತಮಾನದ ಉದ್ಯೋತಕರನಿಂದ ಹಿಡಿದು ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ತಲೆಮಾರುಗಳುದ್ದಕ್ಕೂ ಮಸೆಯುತ್ತ ಬಂದ ವಾದವಿದು. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಗಡಿಯಾರದ ದೃಷ್ಟಾಂತ ಹಿಡಿದು ಇದೇ ಮಾತನ್ನು ಪುಸ್ತಕ ಮಾಡುವ ಹೊತ್ತಿಗೆ ನಮ್ಮಲ್ಲಿ ಅದಕ್ಕೆ ಸಾವಿರ ವರ್ಷ ಮಿಕ್ಕಿದ ವಯಸ್ಸಾಗಿತ್ತು. ಆದರೆ ಹಳಮೆಯ ಹೆಮ್ಮೆ ನನಗೆ ಇಲ್ಲಿ ಮುಖ್ಯವಲ್ಲ. ಈ ವಾದವನ್ನು ಕೆಡವಲು ನಿಂತವರಲ್ಲಿ ಬೌದ್ಧರು, ಜೈನರು ಇದ್ದಂತೆಯೇ ದೇವರ ಸೇವೆಗೆಂದೇ ಬಾಳನ್ನು ಮುಡಿಪಿಟ್ಟ ಆಚಾರ್ಯರೂ ಇದ್ದರು ಎಂಬುದು ಮುಖ್ಯ. ಜಗತ್ತಿನ ರಚನೆಯನ್ನು ತೋರಿಸಿ ದೇವರನ್ನು ಸಾಧಿಸಲಾಗದಿದ್ದರೆ ಭಕ್ತಿಯ ಬುಡವೇ ಅಲುಗುತ್ತದೆ ಎಂದು ಇಂದು ಆಸ್ತಿಕರೂ ನಾಸ್ತಿಕರೂ ಸಮವಾಗಿ ನಂಬಿರುವಂತಿದೆ. ಈ ನಂಬಿಕೆಗೆ ನಮ್ಮ ತರ್ಕದ ಚರಿತ್ರೆಯಲ್ಲಿ ಆಧಾರವಿಲ್ಲ.

ಮೊದಲು ವಾದಕ್ಕೆ ನ್ಯಾಯ ಸಲ್ಲಬೇಕು. ಅದನ್ನು ಅದರ ಪೂರ್ಣ ಬಲದಲ್ಲಿ ನಿಲ್ಲಿಸಿದವನು ಸುಮಾರು ಸಾವಿರ ವರ್ಷಗಳ ಹಿಂದೆ ಮಿಥಿಲೆಯಲ್ಲಿದ್ದ ಉದಯನ. ಅವನ ‘ನ್ಯಾಯಕುಸುಮಾಂಜಲಿ’ ಇಡಿಯಾಗಿ ಈಶ್ವರಸಾಧನೆಗೇ ಮೀಸಲಾದ ಗ್ರಂಥ. ಅವನ ಈಶ್ವರ ಶೂನ್ಯದಿಂದ ಜಗತ್ತನ್ನು ಹುಟ್ಟಿಸುವವನಲ್ಲ. ಪರಮಾಣುಗಳು ನಿತ್ಯ, ಜೀವಗಳು ನಿತ್ಯ, ಜೀವಗಳ ಪುಣ್ಯಪಾಪಗಳ ಅದೃಷ್ಟ ಮೊದಲಿನಿಂದಲೂ ಇದೆ. ಆದರೆ ಪರಮಾಣುವೂ ಜಡ, ಅದೃಷ್ಟವೂ ಜಡ; ಯಾರಿಗೆ ಯಾವ ಫಲ, ಯಾವ ಅಣುವಿಗೆ ಯಾವ ಅಣು ಎಂದು ತಿಳಿದು ಜೋಡಿಸುವ ಚೇತನವೊಂದು ಬೇಕು. ಕುಂಬಾರ ಮಣ್ಣನ್ನು ಸೃಷ್ಟಿಸುವುದಿಲ್ಲ, ಮಣ್ಣಿಗೆ ರೂಪ ಕೊಡುತ್ತಾನೆ. ನೈಯಾಯಿಕರ ಈಶ್ವರನೂ ನಿಮಿತ್ತ ಕಾರಣ ಮಾತ್ರ. ಕುಂಬಾರನಿಗೆ ಮೈಯಿದೆ, ನಿಮ್ಮ ಈಶ್ವರನಿಗೆಲ್ಲಿದೆ ಎಂದು ಕೇಳಿದವರಿಗೆ ನೈಯಾಯಿಕರ ಬಳಿ ಗಟ್ಟಿಯಾದ ಉತ್ತರವಿತ್ತು. ದೃಷ್ಟಾಂತದ ಎಲ್ಲ ಗುಣಗಳೂ ಪಕ್ಷದಲ್ಲಿ, ಅಂದರೆ ಯಾವುದರ ಬಗ್ಗೆ ಅನುಮಾನ ಮಾಡುತ್ತಿದ್ದೇವೋ ಅದರಲ್ಲಿ, ಇರಲೇಬೇಕೆಂದು ಹಟ ಹಿಡಿದರೆ ಯಾವ ಅನುಮಾನ ಪ್ರಮಾಣವೂ ಉಳಿಯದು: ಅಡುಗೆಮನೆಯ ಬೆಂಕಿಯನ್ನು ನೋಡಿ ಕಲಿತವನು ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ಆ ಬೆಟ್ಟದಲ್ಲಿ ಒಲೆಯನ್ನೂ ಪಾತ್ರೆಯನ್ನೂ ಹುಡುಕುತ್ತಾನೆಯೇ? ಕಾರ್ಯಕ್ಕೂ ಕರ್ತೃವಿಗೂ ಇರುವ ನಂಟಷ್ಟೇ ಸಾಕು. ಇಂದಿನ ವಾದಿಗಳಲ್ಲಿ ಇಷ್ಟು ಎಚ್ಚರದಿಂದ ಮಾತಾಡುವವರು ವಿರಳ.

ಇದರ ಮರ್ಮಕ್ಕೆ ಕೈಹಾಕಿದವನು ಉದಯನನಿಗಿಂತ ಶತಮಾನಗಳ ಮುಂಚೆಯೇ, 7ನೆಯ ಶತಮಾನದಲ್ಲಿ, ‘ಪ್ರಮಾಣವಾರ್ತಿಕ’ ಬರೆದ ಬೌದ್ಧ ತಾರ್ಕಿಕ ಧರ್ಮಕೀರ್ತಿ. ಹೊಗೆ ಬೂದುಬಣ್ಣದ್ದು, ಹಾಗೆಂದು ಬೂದುಬಣ್ಣದ ಯಾವುದೋ ವಸ್ತುವನ್ನು ಕಂಡು ಬೆಂಕಿಯಿದೆ ಎನ್ನಲಾಗದು. ಮಡಕೆ ಮಣ್ಣಿನ ವಿಕಾರ, ಹುತ್ತವೂ ಮಣ್ಣಿನ ವಿಕಾರ. ಹಾಗೆಂದು ಹುತ್ತವನ್ನು ಕುಂಬಾರ ಮಾಡಿದನೆನ್ನಲಾಗದು. ಬರಿಯ ಹೆಸರಿನ ಸಾಮ್ಯದಿಂದ ವ್ಯಾಪ್ತಿ, ಅಂದರೆ ಹೊಗೆಗೂ ಬೆಂಕಿಗೂ ಇರುವಂಥ ತಪ್ಪದ ನಂಟು, ಸಿದ್ಧಿಸುವುದಿಲ್ಲ, ಯಾವ ಬಗೆಯ ರಚನೆ ಕರ್ತೃವಿನ ಜೊತೆ ಕಂಡುಬಂದಿದೆಯೋ ಆ ಬಗೆಯದಕ್ಕೆ ಮಾತ್ರ ಅನುಮಾನ ಸಲ್ಲುತ್ತದೆ. ಹಂಪಿಯಲ್ಲಿ ನಿಂತವರಿಗೆ ಈ ಮಾತು ಥಟ್ಟನೆ ಹೊಳೆಯುತ್ತದೆ. ಅಲ್ಲಿ ಬಂಡೆಯ ಮೇಲೆ ಬಂಡೆ ಯಾರೋ ಪೇರಿಸಿಟ್ಟಂತೆ ನಿಂತಿದೆ, ಅದೇ ಬಂಡೆಯ ನೆತ್ತಿಯ ಮೇಲೆ ನಾಲ್ಕು ಕಂಬದ ಪುಟ್ಟ ಮಂಟಪವೂ ಇದೆ. ಕಲ್ಲು ಎರಡೂ ಒಂದೇ. ಮಂಟಪವನ್ನು ಕಟ್ಟಿದ ಶಿಲ್ಪಿಯನ್ನು ನಾವ್ಯಾರೂ ನೋಡಿಲ್ಲ, ಆದರೂ ಅದನ್ನು ಮಾಡಿದವರಿದ್ದಾರೆ ಎಂಬ ಅರಿವು ಕೇಳದೆಯೇ ಬರುತ್ತದೆ, ಏಕೆಂದರೆ ಅಂಥವನ್ನು ಮನುಷ್ಯರು ಕಟ್ಟುವುದನ್ನು ಬಲ್ಲೆವು. ಬಂಡೆರಾಶಿಯ ಮಟ್ಟಿಗೆ ಅಂಥ ತಿಳಿವಳಿಕೆ ನಮಗಿಲ್ಲ. ಗಾಳಿ, ಮಳೆ, ಬಿಸಿಲುಗಳ ಸವೆತವೇ ಆ ರೂಪಕ್ಕೆ ಕಾರಣವೆಂದು ಭೂವಿಜ್ಞಾನ ಇಂದು ಹೇಳುತ್ತದೆ. ನೈಯಾಯಿಕರ ಒಲೆಯ ಉತ್ತರ ಇಲ್ಲಿ ನಿಲ್ಲುವುದಿಲ್ಲವೆಂದೇ ನನಗೆ ತೋರುತ್ತದೆ. ಅಡುಗೆಮನೆಯದೂ ಬೆಟ್ಟದ್ದೂ ಒಂದೇ ಜಾತಿಯ ಹೊಗೆ. ಮಡಕೆ ಮತ್ತು ಬೆಟ್ಟ ಒಂದೇ ಜಾತಿಯ ಕಾರ್ಯಗಳೇ ಎಂಬುದು ಸಾಧಿಸಬೇಕಾದ ವಿಷಯ, ಅದನ್ನು ಮೊದಲೇ ಒಪ್ಪಿಕೊಂಡು ಹೊರಡುವಂತಿಲ್ಲ.

ಬೌದ್ಧರಿಗೆ ಈಶ್ವರನೇ ಬೇಡವಾಗಿದ್ದ, ಅವರ ಖಂಡನೆಯಲ್ಲಿ ಅಚ್ಚರಿಯೇನು ಎನ್ನಬಹುದು. ಆದರೆ ವೇದಪ್ರಾಮಾಣ್ಯದ ಕಟ್ಟಾಳು ಕುಮಾರಿಲ ಭಟ್ಟನೂ ‘ಶ್ಲೋಕವಾರ್ತಿಕ’ದಲ್ಲಿ ಇದೇ ಪಾಳೆಯದಲ್ಲಿದ್ದಾನೆ. ಸೃಷ್ಟಿಗೆ ಮುಂಚೆ ಪ್ರಜಾಪತಿ ಎಲ್ಲಿದ್ದ, ಅವನಿಗೆ ಮೈಯಿದ್ದರೆ ಅದನ್ನು ಮಾಡಿದವರಾರು, ಕರುಣೆಯಿಂದ ಸೃಷ್ಟಿಸಿದನೆನ್ನಲು ಕರುಣೆಗೆ ಪಾತ್ರವಾಗುವ ಜೀವಿಗಳೇ ಆಗ ಎಲ್ಲಿದ್ದರು, ಕರುಣಾಳುವೇ ಆಗಿದ್ದರೆ ಸುಖವನ್ನು ಮಾತ್ರ ಏಕೆ ಮಾಡಲಿಲ್ಲ? ಇಂಥವೇ ಪ್ರಶ್ನೆಗಳು 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರ ಸಂಸ್ಕೃತ ‘ಆದಿಪುರಾಣ’ದಲ್ಲಿ ಮತ್ತೆ ಎದ್ದವು. ಕನ್ನಡಿಗರಿಗೆ ಈ ಗ್ರಂಥ ದೂರದ್ದಲ್ಲ. 941ರಲ್ಲಿ ಪಂಪ ತನ್ನ ‘ಆದಿಪುರಾಣ’ಕ್ಕೆ ಕಥೆಯನ್ನು ತೆಗೆದುಕೊಂಡದ್ದು ಇದರಿಂದಲೇ. ಸಾಮಗ್ರಿಯಿಲ್ಲದೆ ಮಾಡಿದನೇ, ಸಾಮಗ್ರಿಯನ್ನು ಮೊದಲು ಮಾಡಿದನೇ, ಅದನ್ನು ಯಾವುದರಿಂದ ಮಾಡಿದ ಎಂದು ಜಿನಸೇನರು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸಿ ಕೇಳುತ್ತಾರೆ. ಲೋಕ ಅನಾದಿ, ಅದಕ್ಕೆ ಕರ್ತೃ ಬೇಕಿಲ್ಲ ಎಂಬುದು ಅವರ ಸಿದ್ಧಾಂತ. ಹಾಗೆಂದವರು ನೂರಾರು ಬಸದಿಗಳಲ್ಲಿ ಪೂಜೆ, ವ್ರತ, ತಪಸ್ಸುಗಳನ್ನು ನಡೆಸಿಕೊಂಡು ಬಂದ ಸಮುದಾಯದ ಗುರು. ಜಗತ್ತನ್ನು ಯಾರೂ ವಿನ್ಯಾಸ ಮಾಡಲಿಲ್ಲವೆಂದರೆ ಧರ್ಮಕ್ಕೆ ಎಡೆಯೇ ಉಳಿಯದು ಎನ್ನುವವರು ಶ್ರವಣಬೆಳಗೊಳದ ಬೆಟ್ಟದತ್ತ ಒಮ್ಮೆ ಕಣ್ಣೆತ್ತಿ ನೋಡಬೇಕು.

ವೇದಾಂತಿಗಳ ನಿಲುವು ಇನ್ನೂ ಸೂಕ್ಷ್ಮ. ಶಂಕರರು ಸಾಂಖ್ಯರನ್ನು ಎದುರಿಸುವಾಗ ರಚನೆಯ ವಾದವನ್ನು ಧಾರಾಳವಾಗಿಯೇ ಬಳಸುತ್ತಾರೆ: ಮನೆ, ಅರಮನೆ, ಹಾಸಿಗೆ, ಉದ್ಯಾನಗಳನ್ನು ಜಾಣ ಶಿಲ್ಪಿಗಳೇ ಮಾಡುವಾಗ ಸಾಂಖ್ಯರು ಹೇಳುವ ಜಡವಾದ ಮೂಲಪ್ರಕೃತಿ, ಅಂದರೆ ಪ್ರಧಾನ, ಇಷ್ಟು ವಿಚಿತ್ರ ಜಗತ್ತನ್ನು ತಾನೇ ಹೇಗೆ ರಚಿಸೀತು? ಆದರೆ ಜಗತ್ತಿನ ಜನ್ಮಾದಿಗಳಿಗೆ ಕಾರಣ ಬ್ರಹ್ಮ ಎಂಬ ಬ್ರಹ್ಮಸೂತ್ರಕ್ಕೆ ಭಾಷ್ಯ ಬರೆಯುವಾಗ ಅದು ಅನುಮಾನವಲ್ಲ, ಉಪನಿಷದ್ವಾಕ್ಯಗಳನ್ನು ಪೋಣಿಸುವ ದಾರವೆಂದು ಅವರು ಬಿಡಿಸಿ ಹೇಳುತ್ತಾರೆ. ತರ್ಕ ಶ್ರುತಿಗೆ ನೆರವಾಗಬಹುದು, ಅದರ ಜಾಗದಲ್ಲಿ ಕೂರುವಂತಿಲ್ಲ. ಬರಿಯ ನಿಮಿತ್ತ ಕಾರಣನಾದ ಈಶ್ವರನ ಮೇಲೆ ಪಕ್ಷಪಾತದ ದೋಷ ಬರುತ್ತದೆಂದೂ ಅದೇ ಭಾಷ್ಯದಲ್ಲಿ ತೋರಿಸುತ್ತಾರೆ.

ಇದಕ್ಕಿಂತ ಮುಂದೆ ಹೋದವರು ರಾಮಾನುಜರು. ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯಲ್ಲಿ ಇಂದಿಗೂ ಯಾರ ಹೆಸರು ನಿತ್ಯ ನೆನೆಯಲ್ಪಡುತ್ತದೆಯೋ ಆ ರಾಮಾನುಜರು ‘ಶ್ರೀಭಾಷ್ಯ’ದ ‘ಶಾಸ್ತ್ರಯೋನಿತ್ವಾತ್’ ಸೂತ್ರದಡಿ ನೈಯಾಯಿಕರ ಸಾಧನೆಯನ್ನು ಪೂರ್ವಪಕ್ಷವಾಗಿ ವಿಸ್ತಾರವಾಗಿ ನಿಲ್ಲಿಸಿ ಆಮೇಲೆ ಕೆಡವುತ್ತಾರೆ. ಭೂಮಿ, ಸಮುದ್ರಗಳು ಕಾರ್ಯಗಳೇ ಇರಲಿ. ಅವೆಲ್ಲ ಒಂದೇ ಕಾಲದಲ್ಲಿ ಒಬ್ಬನಿಂದಲೇ ಆದವು ಎನ್ನಲು ಏನು ಪ್ರಮಾಣ? ದೊಡ್ಡ ಕಟ್ಟಡಗಳನ್ನು ಹಲವರು ಹಲವು ಕಾಲದಲ್ಲಿ ಮಾಡುವುದನ್ನೇ ಕಾಣುತ್ತೇವೆ. ವಿಶೇಷ ಪುಣ್ಯದಿಂದ ವಿಶೇಷ ಶಕ್ತಿ ಪಡೆದ ಹಲವು ಜೀವರೇ ಇದನ್ನು ಮಾಡಿರಬಾರದೇಕೆ? ಇನ್ನು ಮಡಕೆಯ ದೃಷ್ಟಾಂತವನ್ನು ನೆಚ್ಚಿದರೆ ಸಿಗುವ ಕರ್ತೃವೂ ಕುಂಬಾರನಂಥವನೇ: ಮೈಯುಳ್ಳವನು, ಅರಿವಿಗೆ ಎಲ್ಲೆಯುಳ್ಳವನು. 1779ರಲ್ಲಿ, ಅಂದರೆ ಲೇಖಕ ತೀರಿಕೊಂಡ ಮೂರು ವರ್ಷಗಳ ಮೇಲೆ, ಅಚ್ಚಾದ ಡೇವಿಡ್ ಹ್ಯೂಮನ ಸಂವಾದಗ್ರಂಥದಲ್ಲಿಯೂ ಹಡಗನ್ನೂ ನಗರವನ್ನೂ ಹಲವರು ಸೇರಿ ಕಟ್ಟುತ್ತಾರಲ್ಲ, ಹಲವು ದೇವರುಗಳು ಏಕಿರಬಾರದು ಎಂಬ ಪ್ರಶ್ನೆ ಬರುತ್ತದೆ. ಸಂಶಯವಾದಿಯೂ ಭಕ್ತಶ್ರೇಷ್ಠರೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಪ್ರಶ್ನೆಗೆ ಬಂದು ಮುಟ್ಟಿದ್ದಾರೆ. 13ನೆಯ ಶತಮಾನದ ಉಡುಪಿಯಲ್ಲಿ ಮಧ್ವಾಚಾರ್ಯರ ನಿಲುವೂ ಇದರ ದಿಕ್ಕಿನದೇ. ಆಗಮದ ಆಸರೆಯಿಲ್ಲದ ಅನುಮಾನವನ್ನು ಯಾವ ಕಡೆಗಾದರೂ ತಿರುಗಿಸಬಹುದು, ಅಂಥದರಿಂದ ವಿಷ್ಣು ತಿಳಿಯುವುದಿಲ್ಲ. ಕೃಷ್ಣನನ್ನು ಪ್ರತಿಷ್ಠಾಪಿಸಿದವರ ಮಾತಿದು.

ಇಲ್ಲೊಂದು ಆಕ್ಷೇಪಣೆ ಬರುವುದು ಸಹಜ. ಈ ಆಚಾರ್ಯರು ತರ್ಕವನ್ನು ತಳ್ಳಿದ್ದು ಶಾಸ್ತ್ರದ ಪಟ್ಟವನ್ನು ಕಾಪಾಡಲು. ದೇವರು ತರ್ಕಕ್ಕೇ ದಕ್ಕುವಂತಿದ್ದರೆ ವೇದದ ಅಗತ್ಯವೇ ಇರುತ್ತಿರಲಿಲ್ಲ. ಅಂದಮೇಲೆ ಅಪೌರುಷೇಯ ವೇದವನ್ನು ಒಪ್ಪದವನಿಗೆ ಅವರ ಖಂಡನೆಯಿಂದ ಏನು ಬಂತು? ಉದ್ದೇಶ ಇದೇ ಆಗಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಆದರೆ ಖಂಡನೆಯ ಮೆಟ್ಟಿಲುಗಳನ್ನು ಒಂದೊಂದಾಗಿ ನೋಡಿದರೆ ಯಾವುದರಲ್ಲಿಯೂ ವೇದದ ಹಂಗಿಲ್ಲ. ಕಾರ್ಯದಿಂದ ಒಬ್ಬನೇ ಕರ್ತೃ ಸಿದ್ಧಿಸನು ಎಂಬುದನ್ನು ಜೈನನೂ ಕ್ರೈಸ್ತನೂ ನಿರೀಶ್ವರವಾದಿಯೂ ತನ್ನ ತನ್ನ ಬುದ್ಧಿಯಿಂದಲೇ ಪರೀಕ್ಷಿಸಿಕೊಳ್ಳಬಹುದು. ರಾಮಾನುಜರು ಆಮೇಲೆ ಇಟ್ಟ ಹೆಜ್ಜೆ, ಅಂದರೆ ಶಾಸ್ತ್ರವೇ ಪ್ರಮಾಣವೆಂಬುದು, ಬೇರೆ ವಿಚಾರ. ಅದನ್ನು ಒಪ್ಪುವುದು ಬಿಡುವುದು ಅವರವರ ಶ್ರದ್ಧೆಗೆ ಸೇರಿದ್ದು. ಅಲ್ಲಿಯವರೆಗಿನ ದಾರಿ ಎಲ್ಲರಿಗೂ ತೆರೆದಿದೆ.

ಯೂರೋಪಿನಲ್ಲಿ ಕಥೆ ಬೇರೆ ತಿರುವು ಪಡೆಯಿತು. ಪೇಲಿಯ ಪುಸ್ತಕಗಳನ್ನು ಕೇಂಬ್ರಿಡ್ಜಿನಲ್ಲಿ ಮೆಚ್ಚಿ ಓದಿದ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಕಣ್ಣು, ರೆಕ್ಕೆಗಳಂಥ ಹೊಂದಾಣಿಕೆಗಳು ಕುಶಲಿಯಿಲ್ಲದೆಯೂ ತಲೆಮಾರುಗಳ ಆಯ್ಕೆಯಿಂದ ಉಂಟಾಗಬಲ್ಲವೆಂದು ತೋರಿಸಿದ. ಧರ್ಮಕೀರ್ತಿ ಹುತ್ತವನ್ನು ತೋರಿಸಿ ಎತ್ತಿದ ಸಂಶಯಕ್ಕೆ ಡಾರ್ವಿನ್ ಕಾರಣದ ವಿವರವನ್ನೇ ಒದಗಿಸಿದ. ಹೀಗಾದ ಮೇಲೆ ವಾದ ಜೀವಿಗಳನ್ನು ಬಿಟ್ಟು ಭೌತಶಾಸ್ತ್ರದ ಸ್ಥಿರಾಂಕಗಳತ್ತ ಸರಿಯಿತು, ಮತ್ತು ಇಂದು ಅದರ ಗಟ್ಟಿ ನೆಲೆ ಅಲ್ಲಿಯೇ ಇದೆ. 1953ರಲ್ಲಿ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ನಕ್ಷತ್ರಗಳೊಳಗೆ ಇಂಗಾಲ ಸಾಕಷ್ಟು ಹುಟ್ಟಬೇಕಾದರೆ ಅದರ ಬೀಜಕೇಂದ್ರಕ್ಕೆ ಸುಮಾರು 7.65 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಮಟ್ಟವೊಂದು ಇರಲೇಬೇಕೆಂದು ಲೆಕ್ಕ ಹಾಕಿದ. ಪ್ರಯೋಗಶಾಲೆಯಲ್ಲಿ ಅದು ಇದ್ದದ್ದೂ ನಿಜವಾಯಿತು. ದೇವರನ್ನು ನಂಬದ ಹಾಯ್ಲ್ ಕೂಡ ಮುಂದೆ ಇದರ ಹಿಂದೆ ಯಾವುದೋ ಮಹಾಬುದ್ಧಿಯ ಕೈವಾಡವಿದೆಯೆಂಬಂತೆ ಬರೆದ. ಇದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಈ ಅಂಕೆಗಳು ಸ್ವಲ್ಪ ಬೇರೆಯಿದ್ದರೆ ನಾವಿರುತ್ತಿರಲಿಲ್ಲ ಎಂಬುದು ನಿಜವಾಗಿಯೂ ಬೆರಗಿನ ಸಂಗತಿ. ಆದರೆ ಹೊಗೆ–ಬೆಂಕಿಯ ವ್ಯಾಪ್ತಿಗೆ ಹಲವು ಅಡುಗೆಮನೆಗಳನ್ನು ಕಂಡಿರಬೇಕು. ವಿಶ್ವಗಳ ವಿಷಯದಲ್ಲಿ ನಾವು ಕಂಡದ್ದು ಒಂದೇ ಒಂದು. ಸ್ಥಿರಾಂಕಗಳು ಬೇರೆಯಾಗಿರಲು ಸಾಧ್ಯವಿತ್ತೇ, ಎಷ್ಟು ಸಾಧ್ಯವಿತ್ತು ಎಂಬುದೇ ನಮಗೆ ಗೊತ್ತಿಲ್ಲ. ಕಾರಣ ತಿಳಿಯದು ಎಂಬಲ್ಲಿಂದ ತಿಳಿವುಳ್ಳ ಕಾರಣವೊಂದಿದೆ ಎಂಬಲ್ಲಿಗೆ ನೆಗೆಯಲು ಸೇತುವೆ ಬೇಕು. ಸೇತುವೆ ಸಿಕ್ಕರೂ ಆಚೆ ದಡದಲ್ಲಿ ರಾಮಾನುಜರ ಪ್ರಶ್ನೆ ಕಾದಿದೆ: ಅವನು ಒಬ್ಬನೇ? ಸರ್ವಜ್ಞನೇ? ಮೊರೆಯನ್ನು ಕೇಳುವವನೇ?

ಜೀವಿಗಳ ಕುರಿತ ಹಳೆಯ ವಾದವೂ ಪೂರ್ತಿ ಮರೆಯಾಗಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನಲ್ಲಿ ಅದು ನ್ಯಾಯಾಲಯದ ಮೆಟ್ಟಿಲು ಹತ್ತಿತು. 2004ರಲ್ಲಿ ಅಲ್ಲಿನ ಶಾಲಾ ಮಂಡಳಿ ಒಂಬತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ವಿಕಾಸವಾದಕ್ಕೆ ಪರ್ಯಾಯವಾಗಿ ‘ಬುದ್ಧಿಯುತ ವಿನ್ಯಾಸ’ವೂ ಒಂದಿದೆಯೆಂಬ ಹೇಳಿಕೆಯನ್ನು ಮಕ್ಕಳಿಗೆ ಓದಿ ಹೇಳಬೇಕೆಂದಿತು. ಹನ್ನೊಂದು ಮಂದಿ ಪೋಷಕರು ಮೊಕದ್ದಮೆ ಹೂಡಿದರು. ಬ್ಯಾಕ್ಟೀರಿಯಾದ ಚಾವಟಿಯಂಥ ಬಾಲ ಬಿಡಿಬಿಡಿಯಾಗಿ ಹುಟ್ಟಲಾರದಷ್ಟು ಜಟಿಲವೆಂದು ಜೀವರಸಾಯನಶಾಸ್ತ್ರಜ್ಞ ಮೈಕೆಲ್ ಬೀಹಿ ಮಂಡಳಿಯ ಪರವಾಗಿ ಸಾಕ್ಷ್ಯ ನುಡಿದರು. ಎದುರು ಪಕ್ಷದ ಮೊದಲ ವಿಜ್ಞಾನಸಾಕ್ಷಿ ಕೆನೆತ್ ಮಿಲ್ಲರ್ ನಿಷ್ಠಾವಂತ ಕ್ಯಾಥೊಲಿಕ್. ಅದೇ ಪಕ್ಷದಲ್ಲಿ ನಿಂತ ಜಾನ್ ಹಾಟ್ ಕ್ಯಾಥೊಲಿಕ್ ದೇವತಾಶಾಸ್ತ್ರಜ್ಞ, ದೇವರನ್ನು ಪ್ರಕೃತಿಯ ಕಾರಣಗಳ ಸಾಲಿನಲ್ಲಿ ಇನ್ನೊಂದು ಕಾರಣವಾಗಿ ಕೂರಿಸುವುದು ದೇವರನ್ನೇ ಕುಗ್ಗಿಸುವ ಕೆಲಸವೆಂದು ಕಂಡವರು. ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು ಕೊಟ್ಟ ತೀರ್ಪು ಈ ವಿನ್ಯಾಸವಾದ ವಿಜ್ಞಾನವಲ್ಲ, ಸರ್ಕಾರಿ ಶಾಲೆಯಲ್ಲಿ ಅದನ್ನು ಹೇಳಿಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ವಿಕಾಸವಾದ ದೈವಿಕ ಸೃಷ್ಟಿಕರ್ತನ ಇರುವಿಕೆಗೆ ವಿರೋಧಿಯೂ ಅಲ್ಲ, ಅದನ್ನು ಅಲ್ಲಗಳೆಯುವುದೂ ಇಲ್ಲ ಎಂಬ ವಿಜ್ಞಾನಿಗಳ ಸಾಕ್ಷ್ಯವನ್ನೂ ಅದೇ ತೀರ್ಪು ದಾಖಲಿಸಿತು.