ಬೇಸಿಗೆ ಶಿಬಿರದಲ್ಲಿ ಕೈಯಾರೆ ವಿಜ್ಞಾನ

ನಮ್ಮ ಚರ್ಚುಗಳ ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ಹಾಡು, ನೃತ್ಯ, ಚಿತ್ರಕಲೆಗೆ ಕೊರತೆಯಿಲ್ಲ. ವಿಜ್ಞಾನ ಮಾತ್ರ ಹೆಚ್ಚಾಗಿ ಒಂದು ಭಾಷಣದಲ್ಲೇ ಮುಗಿಯುತ್ತದೆ. ಪ್ರಯೋಗಾಲಯಕ್ಕೆ ದುಡ್ಡೆಲ್ಲಿ ಎನ್ನುತ್ತೇವೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯ 20 ಲಕ್ಷ ರೂ. ಅನುದಾನ ಶಾಲೆಗಳಿಗೆ, ಚರ್ಚ್ ಸಭಾಂಗಣಕ್ಕಲ್ಲ.

ಅಷ್ಟು ಹಣವಿಲ್ಲದೆಯೂ ಕೆಲಸ ನಡೆಯುತ್ತದೆ. ಮಧ್ಯಪ್ರದೇಶದಲ್ಲಿ 1972ರಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಹಳ್ಳಿಶಾಲೆಯ ಮಕ್ಕಳಿಂದಲೇ ಪ್ರಯೋಗ ಮಾಡಿಸಿತು. ಅಲ್ಲಿಂದ ಪ್ರೇರಣೆ ಪಡೆದ ಎಂಜಿನಿಯರ್ ಅರವಿಂದ ಗುಪ್ತ (2018ರ ಪದ್ಮಶ್ರೀ) ಕಸದಿಂದ ಆಟಿಕೆ ಮಾಡುವುದನ್ನು ಕಲಿಸಿದರು. ಅವರ ಪುಟ್ಟ ಮೋಟಾರಿಗೆ ಬೇಕಾದದ್ದು ಒಂದು ಟಾರ್ಚ್ ಸೆಲ್, ಎರಡು ಸೇಫ್ಟಿ ಪಿನ್, ಸೈಕಲ್ ಟ್ಯೂಬಿನ ತುಂಡು, ಅಯಸ್ಕಾಂತ ಮತ್ತು ಮೋಟಾರ್ ವೈಂಡಿಂಗಿನ ತಾಮ್ರದ ತಂತಿ. ತಂತಿಯನ್ನು ಸುರುಳಿ ಸುತ್ತಿ, ಒಂದು ತುದಿಯ ಲೇಪವನ್ನು ಪೂರ್ತಿ ಕೆರೆದು ತೆಗೆಯಬೇಕು. ಇನ್ನೊಂದು ತುದಿಯಲ್ಲಿ ಒಂದು ಬದಿ ಹಾಗೆಯೇ ಬಿಡಬೇಕು. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ತೂಗಾಡಿ ನಿಲ್ಲುತ್ತದೆ. ಏಕೆಂದು ಮಕ್ಕಳೇ ಹುಡುಕಲಿ. ಉತ್ತರ ಹೇಳಲು ಅವಸರ ಬೇಡ.

ಗುಂಪಿಗೊಂದು ಸೆಟ್ ಕೊಟ್ಟರೆ ಹುಡುಗರು ತಂತಿ ಹಿಡಿಯುತ್ತಾರೆ, ಹುಡುಗಿಯರು ಬರೆದುಕೊಳ್ಳುತ್ತಾ ಉಳಿಯುತ್ತಾರೆ. ಆದ್ದರಿಂದ ಒಬ್ಬೊಬ್ಬರಿಗೂ ಒಂದೊಂದು ಕೊಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಸುರುಳಿ ತಿರುಗದೆ ನಿಂತರೆ ತಂತಿ ಬಿಸಿಯಾಗುತ್ತದೆ; ಕೂಡಲೇ ಸೆಲ್ ತೆಗೆಯಲು ಹೇಳಿ.