ಬುಡದಲ್ಲಿ ಭೋಗ, ತುದಿಯಲ್ಲಿ ಯೋಗ

ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಿಂತು ನೋಡಿ. ಆರ್.ಟಿ. ನಗರದ ಕಡೆಯಿಂದ, ಯಶವಂತಪುರದ ಕಡೆಯಿಂದ ಬೈಕುಗಳು ಬಂದು ಬಳ್ಳಾರಿ ರಸ್ತೆಗೆ ಸೇರುತ್ತಿರುತ್ತವೆ. ಬಹುತೇಕ ಬೈಕುಗಳ ಮೇಲೆ ಇಬ್ಬಿಬ್ಬರು. ಯಲಹಂಕ ದಾಟಿ, ದೇವನಹಳ್ಳಿ ದಾಟಿ, ಗೇಟು ತೆರೆಯುವ ಹೊತ್ತಿಗೆ ನಂದಿಬೆಟ್ಟದ ಬುಡದಲ್ಲಿ ಸಾಲು ನಿಲ್ಲುತ್ತಾರೆ. ಸೂರ್ಯೋದಯ ನೋಡಿ, ಮೋಡದ ಮುಂದೆ ಫೋಟೊ ತೆಗೆದುಕೊಂಡು, ತಿಂಡಿಯ ಹೊತ್ತಿಗೆ ಇಳಿಯುತ್ತಾರೆ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಹಿಮಾಲಯದ ಲೆಕ್ಕದಲ್ಲಿ ಇದೇನೂ ಅಲ್ಲ. ಆದರೆ ಬಯಲುಸೀಮೆಯಲ್ಲಿ ಬದುಕುವ ನಮಗೆ ಕೈಗೆಟುಕುವ ಮಲೆನಾಡು ಇದೇ. ಉತ್ತರ ಬೆಂಗಳೂರಿನ ಎಷ್ಟೋ ಜೋಡಿಗಳ ಮೊದಲ ಪ್ರಯಾಣವೂ ಇದೇ.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಇಲ್ಲೊಂದು ಕುತೂಹಲ. ಜೋಡಿಗಳು ಬೆಟ್ಟದ ತುದಿಗೆ ಹೋಗಲು ಶುರುಮಾಡಿದ್ದು ಯಾವಾಗ? ಈ ಪ್ರಶ್ನೆ ಹುಟ್ಟುವುದಕ್ಕೆ ಕಾರಣ ಬೆಟ್ಟದ ಬುಡದಲ್ಲಿರುವ ಗುಡಿ.

ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ಮೀರಿದ ವಯಸ್ಸು. 9ನೇ ಶತಮಾನದ ಆರಂಭದ ತಾಮ್ರಶಾಸನವೊಂದು ಇಲ್ಲಿ ಶಿವಾಲಯ ಕಟ್ಟಿಸಿದವಳು ಬಾಣ ವಂಶದ ಅರಸಿ ರತ್ನಾವಳಿ ಎನ್ನುತ್ತದೆ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ಪಾಲಿನದನ್ನು ಸೇರಿಸಿದರು. ಸ್ಥಳೀಯರ ನಂಬಿಕೆಯಲ್ಲಿ ಇಲ್ಲಿ ಶಿವನಿಗೆ ಮೂರು ಅವಸ್ಥೆ. ಅರುಣಾಚಲೇಶ್ವರನಾಗಿ ಬಾಲಕ, ಭೋಗನಂದೀಶ್ವರನಾಗಿ ಯುವಕ. ಈ ಎರಡು ಗುಡಿಗಳ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ, ಅದರ ಮುಂದೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ. ಕಂಬಗಳಲ್ಲಿ ಕೆತ್ತಿರುವುದೂ ಜೋಡಿಗಳನ್ನೇ: ಶಿವ–ಪಾರ್ವತಿ, ಬ್ರಹ್ಮ–ಸರಸ್ವತಿ, ವಿಷ್ಣು–ಲಕ್ಷ್ಮಿ, ಅಗ್ನಿ–ಸ್ವಾಹಾದೇವಿ. ಹೊಸದಾಗಿ ಮದುವೆಯಾದವರು ಆಶೀರ್ವಾದ ಬೇಡಲು ಬರುವುದು ಇಲ್ಲಿಗೆ.

ಮೂರನೆಯ ಅವಸ್ಥೆಯ ಶಿವ ಕೆಳಗಿಲ್ಲ. ಆತ ಬೆಟ್ಟದ ತುದಿಯ ಯೋಗನಂದೀಶ್ವರ, ವಿರಾಗಿ. ಅಲ್ಲಿ ಕಲ್ಯಾಣವೂ ಇಲ್ಲ, ಉತ್ಸವದ ಸಡಗರವೂ ಇಲ್ಲ. ಸಂಸಾರಕ್ಕೆ ಜಾಗ ಬುಡದಲ್ಲಿ, ಒಂಟಿತನಕ್ಕೆ ತುದಿಯಲ್ಲಿ. ಬೆಟ್ಟವನ್ನು ಹಿಂದಿನವರು ಹಂಚಿಕೊಂಡದ್ದು ಹೀಗೆ.

ಮುಂದೆ ತುದಿಗೆ ಹೋದವರೂ ಈ ಹಂಚಿಕೆಯನ್ನು ಕದಲಿಸಲಿಲ್ಲ. ಚಿಕ್ಕಬಳ್ಳಾಪುರದ ಪಾಳೆಯಗಾರರಿಗೂ ಹೈದರ್–ಟಿಪ್ಪು ಅವರಿಗೂ ಅದು ಕೋಟೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಸುಮಾರು ಮೂರು ವಾರ ಮುತ್ತಿಗೆ ಹಾಕಿ, ಕಡಿದಾದ ಇಳಿಜಾರಿನಲ್ಲಿ ಫಿರಂಗಿಗಳನ್ನು ಎಳೆಸಿ, ಅಕ್ಟೋಬರ್‌ನಲ್ಲಿ ಅದನ್ನು ಹಿಡಿಯಿತು. ಕೋಟೆಯೆಂದರೆ ಪಹರೆ, ಮದ್ದು, ಸೆರೆಮನೆ. ಇಬ್ಬರು ಜೊತೆಯಾಗಿ ಹೋಗಿ ಕೂರುವ ಜಾಗವಲ್ಲ.

ಕೋಟೆಯ ಕೆಲಸ ಮುಗಿದ ಮೇಲೆ ಬಂದವರು ತಂಪು ಹುಡುಕುವ ಸಾಹೇಬರು. ಇದೇ ಕಾಲದ ಊಟಿಯನ್ನು ಪಕ್ಕದಲ್ಲಿಟ್ಟು ನೋಡಬಹುದು. 1820ರ ದಶಕದಲ್ಲಿ ಅಲ್ಲಿ ಮನೆ ಕಟ್ಟಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಹೆಂಡತಿ ಹೆನ್ರಿಯೆಟ್ಟಾಳನ್ನೂ ಕರೆದುಕೊಂಡು ಬಂದು ಸಂಸಾರ ಹೂಡಿದ. ಆಕೆಯ ಮತ್ತು ಮಗಳ ಸಮಾಧಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಆವರಣದಲ್ಲಿದೆ. ನಂದಿಗೆ ಬಂದದ್ದು ಮಾರ್ಕ್ ಕಬ್ಬನ್. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದಾತ. ಬೇಸಿಗೆಯಲ್ಲಿ ತಂಗುತ್ತಿದ್ದ ಬಂಗಲೆ ಇಂದಿಗೂ ಇದೆ. ಕಬ್ಬನ್ ಮದುವೆಯನ್ನೇ ಆಗಲಿಲ್ಲ. ಯೋಗನಂದೀಶ್ವರನಿಗೆ ನೆರೆಯವನಾಗಿ ಸಿಕ್ಕವನೂ ಬ್ರಹ್ಮಚಾರಿಯೇ!

1927ರಲ್ಲಿ ಈ ಬೆಟ್ಟದ ಅತಿ ಪ್ರಸಿದ್ಧ ಅತಿಥಿ ಬಂದರು. ಆ ಮಾರ್ಚ್‌ನಲ್ಲಿ ನಿಪ್ಪಾಣಿಯ ಕಡೆ ಪ್ರವಾಸದಲ್ಲಿದ್ದಾಗ ಗಾಂಧೀಜಿಯ ಆರೋಗ್ಯ ಕುಸಿಯಿತು. ವೈದ್ಯರು ವಿಶ್ರಾಂತಿ ಹೇಳಿದರು. ಏಪ್ರಿಲ್‌ನಿಂದ ಸುಮಾರು ಒಂದೂವರೆ ತಿಂಗಳು ಅವರು ನಂದಿಯಲ್ಲಿದ್ದರು. 1936ರಲ್ಲಿ ಮತ್ತೆ ಬಂದರು. ಅವರು ಸಂಸಾರಿಯಾಗಿದ್ದೂ 1906ರಲ್ಲೇ ಬ್ರಹ್ಮಚರ್ಯದ ವ್ರತ ತೊಟ್ಟವರು. ತುದಿಯ ಲಕ್ಷಣಕ್ಕೆ ಇವರೂ ಹೊಂದಿಕೊಂಡರು.

ಹಾಗಾದರೆ ಬದಲಾದದ್ದು ಏನು? ನನ್ನ ಪ್ರಕಾರ ಮೂರು ಸಂಗತಿಗಳು ಕೂಡಿ ಬಂದವು. ಮೊದಲನೆಯದು, ನೋಟಕ್ಕಾಗಿಯೇ ಬೆಟ್ಟ ಹತ್ತುವ ರೂಢಿ. ನಮ್ಮ ಹಿರಿಯರು ಬೆಟ್ಟ ಹತ್ತಿದ್ದು ಹರಕೆಗೆ, ಸೌದೆಗೆ, ಕಾವಲಿಗೆ. ಬರೀ ನೋಡುವುದಕ್ಕೆಂದೇ ಹೋಗುವುದನ್ನು ಹೆಚ್ಚಾಗಿ ಸಾಹೇಬರ ಗಿರಿಧಾಮಗಳಿಂದ ಕಲಿತೆವು. ಎರಡನೆಯದು ರಸ್ತೆ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಜರಿದು ರಸ್ತೆ ಹಾಳಾದಾಗ ಬೆಟ್ಟ ತಿಂಗಳುಗಟ್ಟಲೆ ಮುಚ್ಚಿತ್ತು. ಮೆಟ್ಟಿಲುಗಳಿದ್ದವು, ಬೆಟ್ಟವೂ ಇತ್ತು. ಆದರೆ ಊರಿನವರ ಪಾಲಿಗೆ ನಂದಿ ಇಲ್ಲವಾಗಿತ್ತು. ಮೂರನೆಯದು ಎರಡು ಚಕ್ರದ ಗಾಡಿ. ಎತ್ತಿನ ಗಾಡಿಯಲ್ಲಿ ಮನೆಮಂದಿಯೆಲ್ಲ ಹೋಗುತ್ತಿದ್ದರು, ಬಸ್ಸಿನಲ್ಲಿ ಊರೇ ಹೋಗುತ್ತಿತ್ತು. ಇಬ್ಬರಿಗೆಂದೇ ಅಳೆದು ಮಾಡಿದ ವಾಹನ ಬಂದ ಮೇಲೆ ಇಬ್ಬರ ಪ್ರಯಾಣ ಸುಲಭವಾಯಿತು.

ಇದನ್ನು ಬರೀ ಮೋಜು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ಇದೇ ದಾರಿಯಲ್ಲಿರುವ ಆವತಿ. ದೇವನಹಳ್ಳಿ ದಾಟಿದ ಮೇಲೆ ಹೆದ್ದಾರಿಯ ಬದಿಗೆ ಸಿಗುವ ಈ ಊರು ನಾಡಪ್ರಭುಗಳ ಮೂಲ ನೆಲೆ. ಯಲಹಂಕದ ಕೆಂಪೇಗೌಡರ ಮನೆತನವನ್ನೂ ಪರಂಪರೆ ಇಲ್ಲಿಗೇ ಜೋಡಿಸುತ್ತದೆ. ಅವರ ಐತಿಹ್ಯ ಹೀಗಿದೆ: ಕಂಚಿಯ ಸೀಮೆಯಲ್ಲಿ ಬಲಾಢ್ಯನೊಬ್ಬ ಮನೆಯ ಹುಡುಗಿಯನ್ನು ಬಯಸಿದ. ಮನೆಯವರಿಗೆ ಆ ಸಂಬಂಧ ಒಪ್ಪಿಗೆಯಿರಲಿಲ್ಲ. ರಣಭೈರೇಗೌಡನ ಹಿರಿತನದಲ್ಲಿ ಬಂಧುಗಳೆಲ್ಲ ಊರು ಬಿಟ್ಟು, ಪಾಲಾರ್ ನದಿ ದಾಟಿ, ನಂದಿಯ ಸುತ್ತಿನ ಬೆಟ್ಟಗಳ ಮರೆಗೆ ಬಂದು ನೆಲೆಯಾದರು. ಐತಿಹ್ಯವನ್ನು ಇತಿಹಾಸವೆಂದು ಓದಬೇಕಿಲ್ಲ. ಆದರೂ ಈ ಸೀಮೆ ತನ್ನ ಹುಟ್ಟನ್ನು ಹೇಳಿಕೊಳ್ಳುವಾಗ ನೆನೆಯುವುದು ಬೇಡದ ಮದುವೆಯಿಂದ ತಪ್ಪಿಸಿಕೊಂಡ ಒಂದು ಪ್ರಯಾಣವನ್ನು. ಆ ಪ್ರಯಾಣದಲ್ಲಿ ಬೇಡವೆಂದವರು ಮನೆಯವರು. ಹುಡುಗಿಗೆ ಯಾರು ಬೇಕಿತ್ತು ಎಂಬುದು ಕಥೆಯ ಪ್ರಶ್ನೆಯೇ ಅಲ್ಲ.

ಇಂದು ಅದೇ ರಸ್ತೆಯಲ್ಲಿ ಹೋಗುವ ಹುಡುಗಿ ತನಗೆ ಬೇಕಾದವರ ಜೊತೆ ತಾನೇ ಹೊರಟಿದ್ದಾಳೆ. ಪಿ.ಜಿ.ಯ ಕೋಣೆಯಲ್ಲಿ ನಾಲ್ವರು, ಬಾಡಿಗೆ ಮನೆಯ ಕೆಳಗೆ ಮಾಲೀಕರು, ಪಾರ್ಕಿನಲ್ಲಿ ದಿಟ್ಟಿಸುವವರು. ಒಂದು ಕೋಟಿಗೂ ಮೀರಿದ ಜನರಿರುವ ಈ ನಗರದಲ್ಲಿ ಇಬ್ಬರು ಸುಮ್ಮನೆ ಕೂರಲು ಬಂಡೆಯೊಂದು ಸಿಗಬೇಕಾದರೆ ಅರವತ್ತು ಕಿಲೋಮೀಟರ್ ಹೋಗಬೇಕು. ಎಲ್ಲ ಜೋಡಿಗಳಿಗೂ ಮನೆಯಲ್ಲಿ ಹೇಳಿ ಬರುವ ಭಾಗ್ಯವಿಲ್ಲ. ಜಾತಿ ಬೇರೆಯಾಗಿದ್ದರಂತೂ ಕಲ್ಯಾಣ ಮಂಟಪ ಅವರಿಗೆ ಬೆಟ್ಟದ ತುದಿಗಿಂತಲೂ ದೂರ. ವಿರಾಗಿಗೆಂದು ಬಿಟ್ಟಿದ್ದ ಏಕಾಂತವನ್ನು ಅವರು ಇಬ್ಬರಿಗೆ ಆಗುವಷ್ಟು ಹಿಗ್ಗಿಸಿದ್ದಾರೆ. ಬೆಟ್ಟದ ಚರಿತ್ರೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಆದರೆ ಅರಸಿಯ ದಾನಕ್ಕೆ ತಾಮ್ರಪಟವಿದೆ, ಮುತ್ತಿಗೆಗೆ ಸೇನೆಯ ದಾಖಲೆಗಳಿವೆ, ಕಬ್ಬನನಿಗೆ ಬಂಗಲೆಯಿದೆ. ಈ ಜೋಡಿಗಳಿಗೆ ಇರುವುದು ಫೋನಿನಲ್ಲಿ ಯಾರಿಗೂ ತೋರಿಸದೆ ಉಳಿಸಿಕೊಂಡ ಒಂದೆರಡು ಫೋಟೊ.

ಬೆಟ್ಟ ಇಳಿದವರಲ್ಲಿ ಹೆಚ್ಚಿನವರು ನಂದಿ ಗ್ರಾಮದ ಕಡೆ ತಿರುಗದೆ ನೇರ ಊರಿಗೆ ಹೊರಡುತ್ತಾರೆ. ಬಿಡುವಿದ್ದರೆ ಹೋಗಿ ಬನ್ನಿ. ಅಗ್ನಿ–ಸ್ವಾಹಾದೇವಿಯರ ಕಂಬದ ಬಳಿ ಕೂರಲು ತಣ್ಣನೆಯ ಕಲ್ಲಿದೆ, ಮತ್ತು ಅಲ್ಲಿ ಯಾವ ಜೋಡಿಯನ್ನೂ ಕಂಬಗಳು ದಿಟ್ಟಿಸಿ ನೋಡುವುದಿಲ್ಲ.