ರಕ್ತದಲ್ಲಿ ಕಲ್ನಾರಿನ ಕುರುಹು: ಮೀಸೋಥೀಲಿಯೋಮಾ ಸೂಚಕಗಳ ಚರಿತ್ರೆ

ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸ್‌ನ, ಎಳೆಗಳನ್ನು ಉಸಿರಾಡಿದವರ ಶ್ವಾಸಕೋಶದ ಹೊರಪೊರೆಗೆ ಹತ್ತುವ ಕ್ಯಾನ್ಸರ್ ಮೀಸೋಥೀಲಿಯೋಮಾ. ಧೂಳು ಒಳಹೊಕ್ಕ 20ರಿಂದ 50 ವರ್ಷಗಳ ತರುವಾಯ ಅದು ತಲೆದೋರುತ್ತದೆ. ಪತ್ತೆಯಾದ ಎರಡು ವರ್ಷಗಳೊಳಗೆ ಬಹುತೇಕ ರೋಗಿಗಳು ತೀರಿಕೊಳ್ಳುತ್ತಾರೆ. ರೋಗ ಬಲಿಯುವ ಮುನ್ನವೇ ರಕ್ತಪರೀಕ್ಷೆಯಿಂದ ಅದನ್ನು ಗುರುತಿಸುವ ಪ್ರಯತ್ನಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಈ ಪರೀಕ್ಷೆಗಳ ನಿಜವಾದ ಬೆಲೆ ತಿಳಿದದ್ದು ಕಾರ್ಮಿಕರ ದೀರ್ಘಕಾಲದ ದಾಖಲೆ ಮತ್ತು ಕಾದಿಟ್ಟ ರಕ್ತದ ಮಾದರಿಗಳಿಂದ ಎಂಬುದು ಇಲ್ಲಿನ ವಾದ.

ಹಿನ್ನೆಲೆ

ವೈದ್ಯರಾದ ವ್ಯಾಗ್ನರ್, ಸ್ಲೆಗ್ಸ್ ಮತ್ತು ಮಾರ್ಶಾಂಡ್ 1960ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ 33 ಮೀಸೋಥೀಲಿಯೋಮಾ ಪ್ರಕರಣಗಳನ್ನು ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ನೀಲಿ ಕಲ್ನಾರಿನ ಸಂಪರ್ಕವಿದ್ದಿರಬಹುದೆಂದು ಕಂಡುಬಂತು. ಹಲವರು ಗಣಿಯಲ್ಲಿ ದುಡಿದವರೇ ಅಲ್ಲ, ಗಣಿಯ ಆಸುಪಾಸಿನಲ್ಲಿ ಬಾಲ್ಯ ಕಳೆದವರು. ಪಶ್ಚಿಮ ಆಸ್ಟ್ರೇಲಿಯಾದ ವಿಟ್ಟನೂಮ್‌ನಲ್ಲಿ 1966ರವರೆಗೂ ಇದೇ ನೀಲಿ ಕಲ್ನಾರನ್ನು ಅಗೆಯಲಾಯಿತು. ಅಲ್ಲಿ ದುಡಿದವರನ್ನೂ ನೆಲೆಸಿದ್ದವರನ್ನೂ ಪರ್ತ್‌ನ ವೈದ್ಯರು ದಶಕಗಳ ಕಾಲ ಹಿಂಬಾಲಿಸಿ ಪರೀಕ್ಷಿಸುತ್ತ ಬಂದರು.

ಮೀಸೋಥೀಲಿನ್

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕೈ ಚಾಂಗ್ ಮತ್ತು ಐರಾ ಪಾಸ್ತಾನ್ 1990ರ ದಶಕದಲ್ಲಿ ಮೀಸೋಥೀಲಿನ್ ಎಂಬ ಪ್ರೋಟೀನನ್ನು ಗುರುತಿಸಿದರು. 1996ರಲ್ಲಿ ಅದರ ಜೀನ್ ಪ್ರತ್ಯೇಕಿಸಲ್ಪಟ್ಟಿತು. ಗಡ್ಡೆಯ ಜೀವಕೋಶಗಳ ಮೇಲ್ಮೈಯಿಂದ ಕಳಚಿ ರಕ್ತಕ್ಕೆ ಸೇರುವ ಅದರ ತುಣುಕುಗಳನ್ನು ಎರಡು ಪ್ರತಿಕಾಯಗಳಿಂದ ಅಳೆಯುತ್ತಾರೆ: ಒಂದು ಪ್ರತಿಕಾಯ ತುಣುಕನ್ನು ಹಿಡಿದಿಡುತ್ತದೆ, ಇನ್ನೊಂದು ಅದಕ್ಕೆ ಅಂಟಿಕೊಂಡು ಬಣ್ಣ ತೋರಿಸುತ್ತದೆ.

ಪರ್ತ್‌ನ ಬ್ರೂಸ್ ರಾಬಿನ್ಸನ್ ತಂಡ 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಇಂಥ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. 44 ರೋಗಿಗಳಲ್ಲಿ 37 ಮಂದಿಗೆ, ಅಂದರೆ ಶೇ. 84ರಷ್ಟು ಜನರಿಗೆ, ಪ್ರಮಾಣ ಏರಿತ್ತು. ಶ್ವಾಸಕೋಶ ಮತ್ತು ಅದರ ಪೊರೆಯ ಬೇರೆ ಕಾಯಿಲೆಗಳಿದ್ದ 160 ಜನರಲ್ಲಿ ಏರಿದ್ದು ಮೂವರಲ್ಲಿ ಮಾತ್ರ. ಕಲ್ನಾರಿಗೆ ಒಡ್ಡಿಕೊಂಡಿದ್ದ ಆರೋಗ್ಯವಂತರು 40 ಮಂದಿ. ಅವರಲ್ಲಿ ಏಳು ಜನರಿಗೆ ಪ್ರಮಾಣ ಹೆಚ್ಚಿತ್ತು, ಆ ಏಳರಲ್ಲಿ ಮೂವರಿಗೆ ಐದು ವರ್ಷದೊಳಗೆ ಮೀಸೋಥೀಲಿಯೋಮಾ ಬಂತು. ರೋಗವನ್ನು ಮುಂಚಿತವಾಗಿ ಹಿಡಿಯಬಹುದೆಂಬ ಆಸೆಗೆ ಈ ಪುಟ್ಟ ಗುಂಪೇ ಆಧಾರವಾಯಿತು.

ಭರವಸೆಯ ಪರೀಕ್ಷೆ

ಅಮೆರಿಕದ ಹಾರ್ವೆ ಪಾಸ್ ತಂಡ 2005ರಲ್ಲಿ ಆಸ್ಟಿಯೋಪಾಂಟಿನ್ ಎಂಬ ಪ್ರೋಟೀನನ್ನೂ 2012ರಲ್ಲಿ ಫಿಬ್ಯುಲಿನ್-3 ಎಂಬ ಪ್ರೋಟೀನನ್ನೂ ಹೊಸ ಸೂಚಕಗಳಾಗಿ ಮುಂದಿಟ್ಟಿತು. ಫಿಬ್ಯುಲಿನ್-3ಕ್ಕೆ ಶೇ. 96ಕ್ಕೂ ಮಿಕ್ಕ ಸಂವೇದನೆ (ರೋಗವಿದ್ದವರನ್ನು ಗುರುತಿಸುವ ಪ್ರಮಾಣ) ಇದೆಯೆಂದು ವರದಿಯಾಯಿತು. ಆದರೆ ಬೇರೆ ಪ್ರಯೋಗಾಲಯಗಳಲ್ಲಿ ಆ ಫಲಿತಾಂಶ ನಿಲ್ಲಲಿಲ್ಲ.

ಮೀಸೋಥೀಲಿನ್‌ಗೂ ಕಠಿಣ ಪರೀಕ್ಷೆ ಎದುರಾಯಿತು. ರೋಗ ಪತ್ತೆಗೆ ಮುನ್ನವೇ ಸಂಗ್ರಹಿಸಿಟ್ಟಿದ್ದ ರಕ್ತವನ್ನು ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 2010ರಲ್ಲಿ ಪರಿಶೀಲಿಸಿದಾಗ, ಹೆಚ್ಚಿನವರಲ್ಲಿ ಪ್ರಮಾಣ ಸಹಜ ಮಿತಿಯಲ್ಲೇ ಇತ್ತು. 16 ಅಧ್ಯಯನಗಳ ದತ್ತಾಂಶವನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ, ನಿರ್ದಿಷ್ಟತೆಯನ್ನು (ರೋಗವಿಲ್ಲದವರನ್ನು ಸರಿಯಾಗಿ ಬೇರ್ಪಡಿಸುವ ಪ್ರಮಾಣವನ್ನು) ಶೇ. 95ಕ್ಕೆ ಇಟ್ಟಾಗ ಆರಂಭಿಕ ಹಂತದ ರೋಗಿಗಳಲ್ಲಿ ಸಂವೇದನೆ ಸುಮಾರು ಶೇ. 32ಕ್ಕೆ ಇಳಿಯಿತು. ಪರೀಕ್ಷೆಯ ಈ ಮಿತಿಗಳಿಗೆ ಕಾರಣಗಳು ಸ್ಪಷ್ಟ. ಗಡ್ಡೆ ಚಿಕ್ಕದಿರುವಾಗ ಪ್ರೋಟೀನ್ ಕಡಿಮೆ. ಮೀಸೋಥೀಲಿಯೋಮಾದಲ್ಲೇ ಸಾರ್ಕೊಮಾ ಬಗೆಯ ಗಡ್ಡೆಗಳು ಅದನ್ನು ಹೊರಸೂಸುವುದೇ ಅಪರೂಪ. ಮೂತ್ರಪಿಂಡ ಸೋತವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಪ್ರಮಾಣ ಏರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಮೀಸೋಥೀಲಿನ್ ಅಳೆಯುವ ‘ಮೀಸೋಮಾರ್ಕ್’ ಪರೀಕ್ಷೆಗೆ ಅನುಮತಿ ಕೊಟ್ಟದ್ದೂ ರೋಗದ ಏರಿಳಿತ ಗಮನಿಸಲಿಕ್ಕೆ ಮಾತ್ರ. ಜರ್ಮನಿಯಲ್ಲಿ 2,700ಕ್ಕೂ ಹೆಚ್ಚು ಕಾರ್ಮಿಕರನ್ನು ವರ್ಷವರ್ಷವೂ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲ್‌ರೆಟಿನಿನ್ ಎಂಬ ಇನ್ನೊಂದು ಪ್ರೋಟೀನ್ ಮತ್ತು ಮೀಸೋಥೀಲಿನ್ ಜೊತೆಗೂಡಿಯೂ ಅರ್ಧದಷ್ಟು ರೋಗಿಗಳನ್ನು ಮುಂಚಿತವಾಗಿ ಗುರುತಿಸಲಾಗಲಿಲ್ಲ.

ಉಪಸಂಹಾರ

ಖಚಿತ ನಿರ್ಣಯಕ್ಕೆ ಇಂದಿಗೂ ಬಯಾಪ್ಸಿಯೇ ಬೇಕು, ರಕ್ತದ ಸೂಚಕ ಅದಕ್ಕೆ ಸಹಾಯಕ ಮಾತ್ರ. ಇಷ್ಟನ್ನಾದರೂ ನಿಶ್ಚಯವಾಗಿ ಹೇಳಲು ಸಾಧ್ಯವಾದದ್ದು ಪರ್ತ್ ಮತ್ತು ಜರ್ಮನಿಯ ವೈದ್ಯರು ಕಾರ್ಮಿಕರ ಬೆನ್ನುಬಿಡದೆ ದಾಖಲೆ ಇಟ್ಟಿದ್ದರಿಂದ. ಭಾರತದಲ್ಲಿ ಕಲ್ನಾರಿನ ಇನ್ನೊಂದು ಬಗೆಯಾದ ಬಿಳಿ ಕಲ್ನಾರಿನ ಆಮದು ನಿಂತಿಲ್ಲ, ನಮ್ಮ ಊರುಗಳ ಮನೆ, ಕೊಟ್ಟಿಗೆಗಳ ಮೇಲೆ ಅದರ ಶೀಟುಗಳಿವೆ. ಕಲ್ನಾರು ಉದ್ಯಮದ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶಿಸಿದೆ. ಆ ಆದೇಶ ಪ್ರತಿ ಕಾರ್ಖಾನೆಯಲ್ಲೂ ಚಾಚೂತಪ್ಪದೆ ಜಾರಿಯಾಗಬೇಕು, ದಾಖಲೆಯ ಜೊತೆಗೆ ರಕ್ತದ ಮಾದರಿಯನ್ನೂ ಕಾದಿಡುವ ವ್ಯವಸ್ಥೆ ಆಗಬೇಕು.